ಮೊದಲು ಯಾರ ಮನೆ, ಕೊನೆಗೆ ಯಾರ ಮನೆ

ಹೊರದೇಶದಲ್ಲಿ ಮಕ್ಕಳಿರುವ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಆಗಾಗ ಬರುತ್ತದೆ. ಕೆನಡಾದಲ್ಲಿರುವ ಮಗಳು ಅಲ್ಲಿನ ಇಗರ್ಜಿಯ ಮಹಿಳಾ ಸಂಘಕ್ಕೆ ಸೇರಿದ್ದಾಳೆ. ಅಮೆರಿಕದಲ್ಲಿರುವ ಮಗನ ಪಕ್ಕದ ಮನೆಯಾಕೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಕೇಕು ಮಾರಿ ದುಡ್ಡು ಒಟ್ಟು ಮಾಡುತ್ತಾಳೆ. ಆ ದುಡ್ಡು ಯಾವುದಕ್ಕೆ ಹೋಗುತ್ತದೆ ಎಂದು ಪಟ್ಟಿ ನೋಡಿದರೆ ತಲೆಬುಡ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಸೀಳುತುಟಿಯ ಮಕ್ಕಳ ಶಸ್ತ್ರಚಿಕಿತ್ಸೆ, ಮುದಿ ಸಿಸ್ಟರ್‌ಗಳ ಮಾತ್ರೆ, ಬಡವರಿಗೆ ಸೂರು, ಧರ್ಮಗುರುವಾಗಲು ಹೊರಟ ಹುಡುಗನ ಕಾಲೇಜು ಸಾಲ, ವಾಸಿಯಾಗದ ರೋಗಿಗಳ ಆರೈಕೆ, ನೆರೆ ಬಂದ ಊರಿಗೆ ಕಂಬಳಿ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ? ಇದನ್ನೆಲ್ಲ ಯಾರು ಆರಿಸುತ್ತಾರೆ? ಕೆಲವರು ಸುತ್ತುಬಳಸಿಲ್ಲದೆ ಕೇಳುತ್ತಾರೆ: ಇದು ಮತಾಂತರದ ದುಡ್ಡು ಹೌದೋ ಅಲ್ಲವೋ?

ಕೊನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲಿನ ಎರಡಕ್ಕೆ ನಾನು ಕಂಡುಕೊಂಡ ಉತ್ತರ ಇಷ್ಟು: ಈ ಪಟ್ಟಿಗಳನ್ನು ಯಾರೋ ಕೂತು ಒಂದು ನೀತಿಯ ಪ್ರಕಾರ ಬರೆದದ್ದಲ್ಲ. ಯಾವುದೋ ಊರಿನ ಯಾರೋ ಒಬ್ಬಾಕೆ ಕಣ್ಣಾರೆ ಕಂಡ ಒಂದೊಂದು ಕೊರತೆ ಅದರಲ್ಲಿ ಸೇರಿಕೊಂಡಿದೆ. ಕೊರತೆಯನ್ನು ಕಾಣುವವರಿಗೇನೂ ಯಾವ ಕಾಲದಲ್ಲೂ ಬರವಿಲ್ಲ. ಕಂಡದ್ದನ್ನು ಸರದಿಯ ಕೆಲಸವಾಗಿ ಮಾಡಿ, ವರ್ಷಗಟ್ಟಲೆ ಬಿಡದೆ ನಡೆಸುವುದರಲ್ಲಿ ಈ ಹೆಂಗಸರದ್ದು ಎತ್ತಿದ ಕೈ. ಅದನ್ನು ಕಲಿತ ಕಥೆ ನಾಲ್ಕು ನೂರು ವರ್ಷ ಹಳೆಯದು, ಮತ್ತು ಅದರ ಕಾಗದಪತ್ರಗಳು ಉಳಿದಿವೆ.

1617ರ ಆಗಸ್ಟ್ ತಿಂಗಳು, ಭಾನುವಾರ. ಫ್ರಾನ್ಸಿನ ಲಿಯೋನ್ ನಗರದ ಉತ್ತರಕ್ಕಿರುವ ಷಾಟಿಯೋನ್ ಎಂಬ ಸಣ್ಣ ಪೇಟೆ. ಅಲ್ಲಿಗೆ ಹೊಸದಾಗಿ ಬಂದಿದ್ದ ಧರ್ಮಗುರುವಿನ ಹೆಸರು ವಿನ್ಸೆಂಟ್ ದೆ ಪೌಲ್. ಮುಂದೆ ಸಂತನೆಂದು ಹೆಸರಾದ ಈತ ಆಗ ಇನ್ನೂ ಮೂವತ್ತಾರರ ಗಂಡಸು. ಪೂಜೆಯ ಉಡುಪು ತೊಡುತ್ತಿರುವಾಗ ಒಬ್ಬ ಮಹಿಳೆ ಬಂದು, ಪೇಟೆಯ ಹೊರಗಿನ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವುದಕ್ಕೂ ಎದ್ದು ನಿಲ್ಲಬಲ್ಲವರಿಲ್ಲ ಎಂದು ಹೇಳಿದಳು. ಆತ ಪ್ರವಚನದಲ್ಲಿ ಅದನ್ನೇ ಹೇಳಿದ. ಸಂಜೆ ತಾನೂ ಆ ಮನೆಗೆ ಹೊರಟರೆ ದಾರಿ ತುಂಬ ಹೆಂಗಸರು. ಕೆಲವರು ಹೋಗುತ್ತಿದ್ದಾರೆ, ಕೆಲವರು ಕೊಟ್ಟು ವಾಪಸು ಬರುತ್ತಿದ್ದಾರೆ. ಬಿಸಿಲ ಝಳಕ್ಕೆ ಸುಸ್ತಾಗಿ ದಾರಿ ಬದಿ ಕೂತು ದಣಿವಾರಿಸಿಕೊಳ್ಳುವವರೂ ಇದ್ದಾರೆ. ಮೆರವಣಿಗೆ ಹೊರಟಂತಿತ್ತು ಎಂದು ಆತನೇ ಮುಂದೆ ನೆನಪಿಸಿಕೊಂಡಿದ್ದಾನೆ.

ನಮ್ಮಲ್ಲಾದರೆ ಇಲ್ಲಿಗೆ ಕಥೆ ಮುಗಿದು, ಊರಿನವರ ಔದಾರ್ಯದ ಬಗ್ಗೆ ಎರಡು ಒಳ್ಳೆಯ ಮಾತು ಬರೆದು, ಫೋಟೋ ಹಾಕುತ್ತಿದ್ದೆವು. ವಿನ್ಸೆಂಟ್‌ಗೆ ಮಾತ್ರ ಬೇರೆಯೇ ಚಿಂತೆ ಹತ್ತಿತು. ಆ ಮನೆಯಲ್ಲಿ ಇವತ್ತು ತಿಂದು ಮುಗಿಸಲಾರದಷ್ಟು ಅಡುಗೆ ಬಂದು ಬಿದ್ದಿದೆ. ಅರ್ಧ ಹಳಸಿ ಹೋಗುತ್ತದೆ. ನಾಡಿದ್ದು ಯಾರು ಬರುತ್ತಾರೆ? ಬಡವರು ಒದ್ದಾಡುವುದು ಕೊಡುವವರು ಇಲ್ಲದೆ ಎನ್ನುವುದಕ್ಕಿಂತ ಕೊಡುವುದರಲ್ಲಿ ಒಂದು ಕ್ರಮ ಇಲ್ಲದೆ ಎಂಬ ಮಾತು ಅವನು ಬರೆಸಿದ ನಿಯಮಾವಳಿಯ ಮೊದಲಲ್ಲೇ ಬರುತ್ತದೆ. ಮೂರು ದಿನ ಕಳೆಯುವುದರೊಳಗೆ ಊರಿನ ಕೆಲವು ಹೆಂಗಸರು ಸೇರಿ ದಿನಕ್ಕೊಬ್ಬರಂತೆ ಸರದಿ ಹಂಚಿಕೊಂಡರು. ಅದೇ ವರ್ಷ ಡಿಸೆಂಬರ್ 8ರಂದು ಸಂಘ ವಿಧಿವತ್ತಾಗಿ ಶುರುವಾಯಿತು. ಇಂಗ್ಲಿಷಿನಲ್ಲಿ ‘ಲೇಡೀಸ್ ಆಫ್ ಚಾರಿಟಿ’ ಎಂದು ಕರೆಯುವ ಕೆಥೊಲಿಕ್ ಮಹಿಳಾ ಸಂಘಟನೆಯ ಮೂಲ ಇದು. ಈಗಲೂ 50ಕ್ಕೂ ಹೆಚ್ಚು ದೇಶಗಳಲ್ಲಿ ಕೆಲಸ ಮಾಡುತ್ತಿದೆ.

ಆ ನಿಯಮಾವಳಿಯನ್ನು ಓದುವುದೇ ಒಂದು ಸುಖ. ಧರ್ಮಗ್ರಂಥದ ಗಾಂಭೀರ್ಯ ಅದಕ್ಕಿಲ್ಲ. ಅನುಭವಸ್ಥ ಅತ್ತೆಯೊಬ್ಬಳು ಹೊಸ ಸೊಸೆಗೆ ಕೆಲಸ ಹೇಳಿಕೊಟ್ಟ ಹಾಗಿದೆ. ಸರದಿಯಾಕೆ ಅಡುಗೆ ಮಾಡಿಕೊಂಡು ರೋಗಿಯ ಮನೆಗೆ ಹೋಗಬೇಕು. ಮುಖ ಗಂಟಿಕ್ಕಿಕೊಂಡು ಹೋಗಬಾರದು, ನಗುನಗುತ್ತ ಮಾತಾಡಿಸಬೇಕು. ಹಾಸಿಗೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಬಟ್ಟೆ ಹಾಸಿ, ಬಟ್ಟಲು, ಚಮಚ, ಬ್ರೆಡ್ಡು ಇಡಬೇಕು. ರೋಗಿಯ ಕೈ ತೊಳೆಸಬೇಕು. ಸಾರನ್ನು ಬಟ್ಟಲಿಗೆ ಬಡಿಸಿ, ಮಾಂಸವನ್ನು ತಟ್ಟೆಗೆ ಹಾಕಿ, ತುಂಡು ಮಾಡಿ ಕೊಟ್ಟು, ಒಳ್ಳೆಯ ಮಾತಾಡುತ್ತ ತಿನ್ನಲು ಹುರಿದುಂಬಿಸಬೇಕು. ಕುರಿ ಅಥವಾ ಕರುವಿನ ಮಾಂಸ ಎಷ್ಟು, ಮಾಂಸ ವರ್ಜ್ಯವಾದ ದಿನ ಮೊಟ್ಟೆ ಎಷ್ಟು, ಗಟ್ಟಿ ಆಹಾರ ಇಳಿಯದವರಿಗೆ ಬಾರ್ಲಿ ನೀರು ಹೇಗೆ ಎಂಬುದೂ ಇದೆ. ಇಷ್ಟೆಲ್ಲ ಆದ ಮೇಲೆ ಒಂದು ಸೂಚನೆ: ಮನೆಯಲ್ಲಿ ಜನ ಇರುವ ರೋಗಿಗಳಿಂದ ಶುರುಮಾಡಿ, ಯಾರೂ ಇಲ್ಲದೆ ಒಂಟಿಯಾಗಿರುವವರ ಮನೆಗೆ ಕೊನೆಗೆ ಹೋಗಬೇಕು. ಆಗ ಅಲ್ಲಿ ಹೆಚ್ಚು ಹೊತ್ತು ಕೂರಬಹುದು.

ರೋಗಿಗಳ ಸೇವೆಯ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳಲ್ಲಿ ಈ ಒಂದು ವಾಕ್ಯಕ್ಕೆ ಸಮನಾದದ್ದು ಸಿಕ್ಕಿಲ್ಲ. ಊಟ ಎಲ್ಲರಿಗೂ ಒಂದೇ, ಆದರೆ ಹೊತ್ತನ್ನು ಹೇಗೆ ಹಂಚಬೇಕೆಂದು ಯೋಚಿಸಿದವರು ರೋಗಿಯ ಪಕ್ಕ ನಿಜವಾಗಿ ಕೂತವರೇ ಇರಬೇಕು.

ದುಡ್ಡಿನ ವಿಷಯದಲ್ಲಿ ಇನ್ನೂ ಬಿಗಿ. ಪೆಟ್ಟಿಗೆಗೆ ಎರಡು ಬೇರೆಬೇರೆ ಬೀಗ. ಒಂದರ ಕೀಲಿ ಸಂಘದ ಮುಖ್ಯಸ್ಥೆಯ ಬಳಿ, ಇನ್ನೊಂದು ಖಜಾಂಚಿಯ ಬಳಿ. ತುರ್ತಿಗೆಂದು ಒಂದೇ ಒಂದು ನಾಣ್ಯವನ್ನು ಖಜಾಂಚಿ ಹೊರಗಿಟ್ಟುಕೊಳ್ಳಬಹುದು. ಇವತ್ತು ನಮ್ಮ ಸಹಕಾರ ಸಂಘಗಳಲ್ಲಿ ಚೆಕ್ಕಿಗೆ ಇಬ್ಬರ ರುಜು ಬೇಕೆನ್ನುವ ಕಟ್ಟುಪಾಡಿನ ಹಿಂದಿರುವುದೂ ಇದೇ ವಿವೇಕ. ಆ ಕಾಲದ ರೂಢಿಯಂತೆ ಲೆಕ್ಕಪತ್ರಕ್ಕೆ ನೆರವಾಗಲು ಒಬ್ಬ ಗಂಡಸನ್ನೂ ಇಟ್ಟಿದ್ದರು. ಆಮೇಲೆ ಬೇರೆ ಊರುಗಳಲ್ಲಿ ಗಂಡಸರು, ಹೆಂಗಸರು ಕೂಡಿ ನಡೆಸುವ ಸಂಘಗಳನ್ನೂ ಮಾಡಿ ನೋಡಿದರು. ಏಗಲಿಲ್ಲ. ಗಂಡಸರು ಎಲ್ಲವನ್ನೂ ತಮ್ಮ ಕೈಗೆ ತೆಗೆದುಕೊಳ್ಳಲು ನೋಡುತ್ತಾರೆ, ಹೆಂಗಸರು ಅದಕ್ಕೆ ಬಗ್ಗುವುದಿಲ್ಲ ಎಂದು ವಿನ್ಸೆಂಟ್ ಇಳಿವಯಸ್ಸಿನಲ್ಲಿ ಒಂದು ಪತ್ರದಲ್ಲಿ ಹೇಳಿದ್ದಾನೆ. ಹಣದ ವಿಷಯದಲ್ಲಿ ಹೆಂಗಸರ ಮೇಲೆ ಯಾವ ದೂರೂ ಬರಲಿಲ್ಲ, ಅವರು ಅಷ್ಟು ನಂಬಿಕಸ್ಥರು ಎಂದೂ ಸೇರಿಸಿದ್ದಾನೆ. ನಮ್ಮ ಸ್ವಸಹಾಯ ಸಂಘಗಳ ಸಾಲ ವಸೂಲಾತಿ ನೋಡಿರುವ ಬ್ಯಾಂಕಿನ ಮ್ಯಾನೇಜರುಗಳು ಇದಕ್ಕೆ ತಲೆದೂಗಬಹುದು.

ಹಾಗೆಂದು ಎಲ್ಲವೂ ಚೆನ್ನಾಗಿಯೇ ನಡೆಯಿತು ಎಂದಲ್ಲ. ಸಂಘ ಪ್ಯಾರಿಸಿಗೆ ಬಂದಾಗ ಸದಸ್ಯೆಯರಾದವರು ದೊಡ್ಡ ಮನೆತನದ ಹೆಂಗಸರು. ಕೊಡುಗೈಯೇನೋ ಇತ್ತು. ಆದರೆ ಕೊಳೆಗೇರಿಯ ಮಹಡಿ ಹತ್ತಿ ಗಂಜಿ ಪಾತ್ರೆ ಹೊರುವುದು ಅವರಿಗೆ ಒಗ್ಗಲಿಲ್ಲ. ರೋಗ ಮನೆಗೆ ತರುತ್ತೀರಿ ಎಂದು ಗಂಡಂದಿರ ಗೊಣಗಾಟ ಬೇರೆ. ಮೆಲ್ಲಗೆ ತಮ್ಮ ಬದಲು ಮನೆಯ ಆಳುಗಳನ್ನು ಕಳಿಸತೊಡಗಿದರು. ಒಲ್ಲದ ಮನಸ್ಸಿನ ಆಳು ಬಡಿಸುವ ಊಟ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆಗ ಮಾರ್ಗರೀತ್ ನಾಸೋ ಎಂಬ ಹಳ್ಳಿ ಹುಡುಗಿ ತಾನಾಗಿ ಬಂದಳು. ದನ ಕಾಯುತ್ತಿದ್ದವಳು. ದಾರಿಹೋಕರನ್ನು ನಿಲ್ಲಿಸಿ ಈ ಅಕ್ಷರ ಯಾವುದು, ಆ ಅಕ್ಷರ ಯಾವುದು ಎಂದು ಕೇಳಿ ಕೇಳಿಯೇ ಓದು ಕಲಿತು, ಊರಿನ ಬೇರೆ ಹುಡುಗಿಯರಿಗೂ ಕಲಿಸಿದವಳು. ರೋಗಿಗಳ ಸೇವೆ ಮಾಡುತ್ತ, ಪ್ಲೇಗು ಬಂದ ಹೆಂಗಸೊಬ್ಬಳಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, 1633ರಲ್ಲಿ ತಾನೂ ಪ್ಲೇಗಿಗೆ ಬಲಿಯಾದಳು. ಅದೇ ವರ್ಷದ ಕೊನೆಗೆ ಲೂಯಿಸ್ ದೆ ಮರಿಯಾಕ್ ಎಂಬ ವಿಧವೆ ಇಂಥ ಕೆಲವು ಹಳ್ಳಿ ಹುಡುಗಿಯರನ್ನು ತನ್ನ ಮನೆಯಲ್ಲಿಟ್ಟುಕೊಂಡು ‘ಡಾಟರ್ಸ್ ಆಫ್ ಚಾರಿಟಿ’ ಎಂಬ ಸಿಸ್ಟರ್‌ಗಳ ಸಭೆ ಕಟ್ಟಿದಳು. ಮಠದ ಗೋಡೆಯೊಳಗೆ ಕೂರದೆ ಬೀದಿಯಲ್ಲಿ ಓಡಾಡುವ ಸಿಸ್ಟರ್ ಎಂಬ ಕಲ್ಪನೆಯೇ ಆಗ ಹೊಸದು. ಮಂಗಳೂರಿಗೆ 1898ರಲ್ಲಿ ಇಟಲಿಯಿಂದ ಬಂದ ಸಿಸ್ಟರ್ಸ್ ಆಫ್ ಚಾರಿಟಿ ಬೇರೆ ಸಭೆಯವರಾದರೂ, ರೋಗಿಯ ಮಂಚದ ಬಳಿಗೆ ತಾವೇ ಹೋಗುವ ಆ ದಾರಿಯಲ್ಲೇ ನಡೆದವರು.

ಕರಾವಳಿಯಲ್ಲಿ ಬೆಳೆದ ನನಗೆ ಈ ಸರದಿಯ ವಿಷಯ ಪುಸ್ತಕ ಓದಿಯೇ ಗೊತ್ತಾಗಬೇಕಿರಲಿಲ್ಲ. ನಮ್ಮ ಹಿತ್ತಿಲಿನಾಚೆ ಒಬ್ಬ ಬಾಯಮ್ಮ ಇದ್ದರು. ವಾರದಲ್ಲಿ ಒಂದು ದಿನ ಬೆಳಿಗ್ಗೆ ಅವರ ಮನೆಯ ಅಡುಗೆ ಬೇಗ ಮುಗಿಯುತ್ತಿತ್ತು. ಕುಚ್ಚಲಕ್ಕಿ ಗಂಜಿ, ಒಂದು ಪಲ್ಯ, ಒಂದು ತುಂಡು ಮೀನು, ಎಲ್ಲವನ್ನೂ ಕ್ಯಾರಿಯರಿಗೆ ತುಂಬಿ, ಮೇಲಿನ ಡಬ್ಬಿಯಲ್ಲಿ ಚೂರು ಉಪ್ಪಿನಕಾಯಿ ಇಟ್ಟು, ಗುಡ್ಡೆಯ ಮೇಲೆ ಮಲಗಿದ ಕಡೆಯಲ್ಲೇ ಇದ್ದ ಒಬ್ಬ ಮುದುಕರ ಮನೆಗೆ ಹೊರಡುತ್ತಿದ್ದರು. ಒಮ್ಮೆ ಜೋರು ಮಳೆ. ಇವತ್ತೊಂದು ದಿನ ಬಿಡಿ ಬಾಯಮ್ಮ, ಕಾಲು ಜಾರೀತು ಎಂದು ನಮ್ಮಮ್ಮ ಹೇಳಿದರು. “ಬಿಟ್ರೆ ಹೇಗಾಗ್ತದೆ ಮಾರಾಯ್ತಿ, ಇವತ್ತು ನಂದು ಸರದಿ ಅಲ್ವಾ. ನಾನು ಬರ್ತೇನೆ ಅಂತ ನಿನ್ನೆಯವಳೂ ನಾಳೆಯವಳೂ ಮನೆಯಲ್ಲಿ ಕೂತಿರ್ತಾರೆ” ಎಂದು ಕೊಡೆ ಬಿಚ್ಚಿಕೊಂಡು ನಡೆದೇಬಿಟ್ಟರು. ಕರುಣೆ, ಪುಣ್ಯ, ಪ್ರೀತಿ ಎಂಬ ಯಾವ ದೊಡ್ಡ ಮಾತೂ ಅದರಲ್ಲಿ ಇರಲಿಲ್ಲ. ತಾನು ತಪ್ಪಿಸಿದರೆ ಆ ಮುದುಕರ ಇವತ್ತಿನ ಊಟಕ್ಕೆ ಯಾರೂ ಇಲ್ಲ ಎಂಬ ಲೆಕ್ಕ ಅವರಿಗೆ ಸ್ಪಷ್ಟವಿತ್ತು.

ಸರದಿಯಿಂದ ಒಂದು ಊರಿನ ರೋಗಿಗಳನ್ನು ನೋಡಿಕೊಳ್ಳಬಹುದು, ಸಮುದ್ರದಾಚೆಯ ಹಸಿವಿಗೆ ಏನು ಮಾಡುವುದು? ಇಂಗ್ಲೆಂಡಿನ ಕೆಥೊಲಿಕ್ ಹೆಂಗಸರು ಇದಕ್ಕೊಂದು ದಾರಿ ಕಂಡುಕೊಂಡರು. ಅಲ್ಲಿನ ‘ಕೆಥೊಲಿಕ್ ವಿಮೆನ್ಸ್ ಲೀಗ್’ ಅನ್ನು 1906ರಲ್ಲಿ ಕಟ್ಟಿದವಳು ಮಾರ್ಗರೆಟ್ ಫ್ಲೆಚರ್. ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿ ಕೆಥೊಲಿಕಳಾದವಳು. ಮೊದಲ ಮಹಾಯುದ್ಧದಲ್ಲಿ ಈ ಲೀಗ್‌ನವರು ಬೆಲ್ಜಿಯಮ್ಮಿನ ನಿರಾಶ್ರಿತರನ್ನು ಸಂಭಾಳಿಸಿದರು. ಎರಡೂ ಯುದ್ಧಗಳಲ್ಲಿ ಸೈನಿಕರಿಗಾಗಿ ಚಹಾ, ತಿಂಡಿ, ಕಾಗದ ಬರೆಯಲು ಒಂದು ಮೇಜು ಇರುವ ಬಿಡಾರಗಳನ್ನು ನಡೆಸಿದರು. ಅದೆಲ್ಲ ಆ ಕಾಲದ ಎಷ್ಟೋ ಸಂಘಗಳು ಮಾಡಿದ ಕೆಲಸವೇ.

ಬೇರೆ ಬಗೆಯದೆಂದರೆ 1960ರ ಮಾರ್ಚ್ 11ರ ಶುಕ್ರವಾರ ನಡೆದದ್ದು. ಕೆರಿಬಿಯನ್ ಸಮುದ್ರದ ಡೊಮಿನಿಕಾ ಎಂಬ ಪುಟ್ಟ ದ್ವೀಪ ಆಗ ಬ್ರಿಟಿಷರ ವಸಾಹತು. ಅಲ್ಲಿ ಬಾಣಂತಿಯರ, ಶಿಶುಗಳ ಒಂದು ಆರೋಗ್ಯ ಕೇಂದ್ರಕ್ಕೆ ನೆರವು ಬೇಕಿತ್ತು. ಎಲ್ಸ್‌ಪೆತ್ ಆರ್ಚರ್ಡ್, ಜಾಕಿ ಸ್ಟೈಟ್ ಮೊದಲಾದ ಕೆಲವೇ ಹೆಂಗಸರು ಮುಂದಾಗಿ, ಕೆಥೊಲಿಕ್ ಮಹಿಳಾ ಸಂಘಗಳ ಮೂಲಕ ದೇಶದ ಮನೆಮನೆಗೂ ಒಂದು ಕೋರಿಕೆ ಕಳಿಸಿದರು: ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಈ ಶುಕ್ರವಾರ ಮನೆಮಂದಿಯೆಲ್ಲ ಸಾದಾ ಊಟ ಮಾಡಿ, ಉಳಿದ ದುಡ್ಡನ್ನು ಆ ದ್ವೀಪದ ತಾಯಿ ಮಕ್ಕಳಿಗೆ ಕೊಡಿ. ಇದಕ್ಕೆ ‘ಕುಟುಂಬ ಉಪವಾಸ ದಿನ’ ಎಂದು ಹೆಸರಿಟ್ಟರು. ಆಸ್ಟ್ರಿಯಾದ ಕೆಥೊಲಿಕ್ ಮಹಿಳೆಯರು 1958ರಿಂದಲೇ ಇಂಥದ್ದೊಂದು ದಿನ ಆಚರಿಸುತ್ತಿದ್ದರು. ಅವರು ಒಟ್ಟು ಮಾಡುವ ಹಣ ಭಾರತದ ಹೆಂಗಸರ ಕೆಲಸಗಳಿಗೂ ಬರುತ್ತದೆ.

ಒಪ್ಪತ್ತು ಬಿಟ್ಟು ಉಳಿಸುವುದು ನಮಗೆ ಹೊಸದಲ್ಲ. 1965ರ ಯುದ್ಧ, ಬರ ಎರಡೂ ಒಟ್ಟಿಗೆ ಬಂದಾಗ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಊಟ ಬಿಡಿ ಎಂದಿದ್ದು, ಸೋಮವಾರ ರಾತ್ರಿ ಹೋಟೆಲುಗಳೇ ಬಾಗಿಲು ಹಾಕಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಶಾಸ್ತ್ರಿಯವರ ಕರೆ ಇಡೀ ದೇಶದ ಧಾನ್ಯದ ಕೊರತೆಗೆ. ಇಂಗ್ಲೆಂಡಿನ ಹೆಂಗಸರು ಕೇಳಿದ್ದು ಒಂದು ದ್ವೀಪದ ಒಂದು ಚಿಕಿತ್ಸಾಲಯಕ್ಕೆ. ಲೋಕದ ಹಸಿವು ನೀಗಿಸೋಣ ಎಂದು ಅವರು ಘೋಷಣೆ ಕೂಗಲಿಲ್ಲ. ಇಂಥ ಕಡೆ, ಇಂಥ ಮಕ್ಕಳಿಗೆ, ಇಂಥ ದಿನ ಎಂದು ಬೆರಳಿಟ್ಟು ತೋರಿಸಿದರು. ಮನೆಯೊಡತಿಗೆ ಅಡುಗೆಮನೆಯಲ್ಲೇ ತೀರ್ಮಾನಿಸಿಬಿಡಬಹುದಾದ ಸಂಗತಿ. ಯಾರ ಅಪ್ಪಣೆಯೂ ಬೇಡ. ಮಾಂಸದ ಬದಲು ಸೂಪು ಮಾಡಿದರೆ ಮುಗಿಯಿತು. ಅದು ಎಷ್ಟರಮಟ್ಟಿಗೆ ಹಿಡಿಯಿತೆಂದರೆ, ಎರಡು ವರ್ಷ ಕಳೆಯುವುದರೊಳಗೆ, 1962ರಲ್ಲಿ, ಅಲ್ಲಿನ ಬಿಷಪರು ಅದರ ಬೆನ್ನಿಗೆ ‘ಕ್ಯಾಫೋಡ್’ ಎಂಬ ನೆರವು ಸಂಸ್ಥೆಯನ್ನು ಕಟ್ಟಬೇಕಾಯಿತು. ಇವತ್ತು ಅದು ಬ್ರಿಟನ್ನಿನ ದೊಡ್ಡ ಪರಿಹಾರ ಸಂಸ್ಥೆಗಳಲ್ಲೊಂದು. ಉಪವಾಸ ದಿನವೂ ನಿಂತಿಲ್ಲ, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಸಂಸ್ಥೆ ದೊಡ್ಡದಾದ ಮೇಲೆ ಅದನ್ನು ಶುರುಮಾಡಿದ ಹೆಂಗಸರ ಹೆಸರು ಹಿಂದಕ್ಕೆ ಸರಿದದ್ದೂ ನಿಜ. ಇದು ಅಲ್ಲಿಯ ಕಥೆ ಮಾತ್ರವೇನಲ್ಲ.

ಈಗ ಅಮೆರಿಕದ ಆ ವಿಚಿತ್ರ ಪಟ್ಟಿಗೆ ಬರೋಣ. ‘ಕೆಥೊಲಿಕ್ ಡಾಟರ್ಸ್ ಆಫ್ ದಿ ಅಮೆರಿಕಾಸ್’ ಎಂಬ ಸಂಘಟನೆ 1903ರಲ್ಲಿ ನ್ಯೂಯಾರ್ಕ್ ರಾಜ್ಯದ ಯುಟಿಕಾದಲ್ಲಿ ಹುಟ್ಟಿತು. ಇಂಥ ಸಂಘಟನೆಗಳ ಪಟ್ಟಿಯಲ್ಲಿ ಮುದಿ ಸಿಸ್ಟರ್‌ಗಳ ಹೆಸರು ಯಾಕೆ ಎಂದು ನನಗೂ ಮೊದಲು ಅನಿಸಿತ್ತು. ಅಷ್ಟು ಶ್ರೀಮಂತ ದೇಶದಲ್ಲಿ, ಅಷ್ಟು ದೊಡ್ಡ ಚರ್ಚಿನಲ್ಲಿ, ಸಿಸ್ಟರ್‌ಗಳಿಗೆ ಮಾತ್ರೆ ಕೊಳ್ಳಲು ಕೇಕು ಮಾರಬೇಕೇ?

ಕಾರಣ ಹೀಗಿದೆ. 1965ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 1,80,000 ಸಿಸ್ಟರ್‌ಗಳಿದ್ದರು. ಶಾಲೆ, ಆಸ್ಪತ್ರೆ, ಅನಾಥಾಲಯ ಎಲ್ಲವನ್ನೂ ನಡೆಸಿದವರು ಅವರೇ. ಬಡತನದ ವ್ರತ ತೊಟ್ಟವರಾದ್ದರಿಂದ ಸಂಬಳವಿಲ್ಲ, ಕೈಖರ್ಚಿಗೆ ಒಂದಿಷ್ಟು ಮಾತ್ರ. ಸಂಬಳ ಇಲ್ಲದ ಮೇಲೆ ಪಿಂಚಣಿಗೆ ವಂತಿಗೆ ಎಲ್ಲಿಂದ? ಸರಕಾರದ ಸಾಮಾಜಿಕ ಭದ್ರತೆ ಯೋಜನೆಗೆ ಸೇರಲು ಇವರಿಗೆ ಅವಕಾಶ ಸಿಕ್ಕಿದ್ದೇ 1972ರಲ್ಲಿ, ಸಿಗುವ ಮೊತ್ತವೂ ಅಲ್ಪ. ಮುದುಕಿಯರಾದವರನ್ನು ಕಿರಿಯ ಸಿಸ್ಟರ್‌ಗಳು ನೋಡಿಕೊಳ್ಳುತ್ತಾರೆ ಎಂಬ ಒಂದೇ ಭರವಸೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ಕಿರಿಯರು ಬರುವುದು ನಿಂತಿತು, ಹಿರಿಯರು ತೊಂಬತ್ತರವರೆಗೆ ಬದುಕತೊಡಗಿದರು. ಜನ ಎಚ್ಚೆತ್ತದ್ದು ಎಂಬತ್ತರ ದಶಕದಲ್ಲಿ. ಸಾಮಾನ್ಯ ಭಕ್ತರು ಸೇರಿ 1986ರಲ್ಲಿ ‘ಸೋರ್’ ಎಂಬ ನಿಧಿ ಶುರುಮಾಡಿದರು. 1988ರಿಂದ ಬಿಷಪರು ವರ್ಷಕ್ಕೊಮ್ಮೆ ಎಲ್ಲ ಚರ್ಚುಗಳಲ್ಲಿ ಇದಕ್ಕೆಂದೇ ಕಾಣಿಕೆ ಎತ್ತಿಸುತ್ತಾರೆ. ಸೋರ್‌ನಿಂದ ಹೋಗುವ ನೆರವು ಎಂಥದ್ದು ಗೊತ್ತೇ? ಲಿಫ್ಟು, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು, ಬಚ್ಚಲಲ್ಲಿ ಹಿಡಿದುಕೊಳ್ಳುವ ಕಂಬಿ, ನರ್ಸನ್ನು ಕರೆಯುವ ಗಂಟೆ. ಇವೆಲ್ಲ ದೊಡ್ಡ ದಾನಿಗಳ ಕಣ್ಣಿಗೆ ಬೀಳುವ ಸಂಗತಿಗಳಲ್ಲ. ಬಚ್ಚಲ ಕಂಬಿಯ ಮೇಲೆ ದಾನಿಯ ಹೆಸರು ಕೆತ್ತಿಸಲಾದೀತೇ? ಈ ನಿಧಿಗೆ ಕೈಜೋಡಿಸಿದ ಹೆಂಗಸರಲ್ಲಿ ಎಷ್ಟೋ ಮಂದಿ ಆ ಸಿಸ್ಟರ್‌ಗಳ ಶಾಲೆಯಲ್ಲೇ ಓದಿದವರು. ಟೀಚರಮ್ಮನ ಮೊಣಕಾಲು ನೋವು ಅವರಿಗೆ ಪರಕೀಯವಲ್ಲ.

ಕಾಲೇಜು ಸಾಲದ ಸಂಗತಿ ಇನ್ನೂ ಈಚಿನದು. ಅಮೆರಿಕದಲ್ಲಿ ಪದವಿ ಮುಗಿಸುವ ಹೊತ್ತಿಗೆ ತಲೆಯ ಮೇಲೆ ದೊಡ್ಡ ಸಾಲ ಇರುವುದು ಸಾಮಾನ್ಯ. ಸಾಲ ಇರುವವರನ್ನು ಸಿಸ್ಟರ್‌ಗಳ ಸಭೆಗಳು, ಧರ್ಮಗುರುಗಳನ್ನು ತಯಾರುಮಾಡುವ ಸೆಮಿನರಿಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಬಡತನದ ವ್ರತಕ್ಕೂ ಬ್ಯಾಂಕಿನ ಕಂತಿಗೂ ಹೊಂದುವುದಿಲ್ಲ. ಆ ಸಾಲ ತೀರಿಸಲು ನೆರವಾಗುವ ‘ಲಾಬುರೆ ಸೊಸೈಟಿ’ ಎಂಬುದು 2003ರಲ್ಲಿ ಶುರುವಾಯಿತು. ಅದರ ಹೆಸರೂ ವಿನ್ಸೆಂಟ್, ಲೂಯಿಸ್ ಕಟ್ಟಿದ ಸಭೆಯ ಕ್ಯಾಥರೀನ್ ಲಾಬುರೆ ಎಂಬ ಸಿಸ್ಟರ್‌ದೇ. ಸೀಳುತುಟಿಯ ಶಸ್ತ್ರಚಿಕಿತ್ಸೆಗೆ ನೆರವಾಗುವ ‘ಸ್ಮೈಲ್ ಟ್ರೇನ್’ ನಮಗೂ ಗೊತ್ತಿರುವ ಹೆಸರು. ಉತ್ತರಪ್ರದೇಶದ ಮಿರ್ಜಾಪುರ ಕಡೆಯ ಪುಟ್ಟ ಹುಡುಗಿಯ ಮೇಲೆ ಮಾಡಿದ ‘ಸ್ಮೈಲ್ ಪಿಂಕಿ’ ಸಾಕ್ಷ್ಯಚಿತ್ರಕ್ಕೆ 2009ರಲ್ಲಿ ಆಸ್ಕರ್ ಬಂದಾಗ ಎಲ್ಲ ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು. ಸ್ಮೈಲ್ ಟ್ರೇನ್ ಯಾವ ಧರ್ಮಕ್ಕೂ ಸೇರಿದ ಸಂಸ್ಥೆಯಲ್ಲ. ಚಿಕಿತ್ಸೆ ಮಾಡುವವರು ಆಯಾ ದೇಶದ ಡಾಕ್ಟರುಗಳೇ. ಒಂದು ಆಪರೇಶನ್ನಿಗೆ ಇಷ್ಟು ಎಂದು ಲೆಕ್ಕ ಸಿಗುತ್ತದೆ, ಹತ್ತಿಪ್ಪತ್ತು ಜನರ ಸಂಘಕ್ಕೂ ಅದು ಎಟಕುತ್ತದೆ. ಇಂಥ ಸಂಘಗಳಿಗೆ ಒಗ್ಗುವ ಉದ್ದೇಶಗಳ ಗುಣವೇ ಇದು ಎಂದು ನನಗೆ ಕಾಣುತ್ತದೆ.

ಎಲ್ಲ ಉದ್ದೇಶಗಳೂ ಹೀಗೆ ಎಲ್ಲರಿಗೂ ಒಪ್ಪಿಗೆಯಾಗುವಂಥವಲ್ಲ. ಕೆನಡಾದ ಕೆಥೊಲಿಕ್ ವಿಮೆನ್ಸ್ ಲೀಗ್ ಮೊಳೆತದ್ದು 1912ರಲ್ಲಿ ಎಡ್ಮಂಟನ್ ನಗರದಲ್ಲಿ, ಕೆಲಸ ಹುಡುಕಿ ಬರುವ ವಲಸಿಗ ಹೆಣ್ಣುಮಕ್ಕಳಿಗೆ ತಂಗಲು ಜಾಗ, ಮಾಡಲು ಕೆಲಸ ಕೊಡಿಸುವುದಕ್ಕಾಗಿ. ಅದರ ಹಿಂದಿದ್ದ ಕ್ಯಾಥರಿನ್ ಹ್ಯೂಸ್, ಆಲ್ಬರ್ಟಾ ಪ್ರಾಂತ್ಯದ ಪತ್ರಾಗಾರದ ಮೊದಲ ಮುಖ್ಯಸ್ಥೆ. 1920ರಲ್ಲಿ ಮಾಂಟ್ರಿಯಲ್‌ನಲ್ಲಿ ಅದು ರಾಷ್ಟ್ರಮಟ್ಟದ ಸಂಘಟನೆಯಾಯಿತು. ಬಡ ದೇಶಗಳ ಹೆಂಗಸರು ಕೆನಡಾದ ಆಂಟಿಗೋನಿಶ್ ಪಟ್ಟಣದ ಕೋಡಿ ಸಂಸ್ಥೆಯಲ್ಲಿ ಸಹಕಾರ, ಸಮುದಾಯ ಅಭಿವೃದ್ಧಿ ಕಲಿಯಲು ಈ ಲೀಗ್ ನೆರವು ಕೊಡುತ್ತ ಬಂದಿದೆ. ಜೊತೆಗೆ ಗರ್ಭಪಾತವನ್ನು ವಿರೋಧಿಸುತ್ತದೆ. 2016ರಲ್ಲಿ ಕೆನಡಾ ವೈದ್ಯರ ನೆರವಿನ ದಯಾಮರಣವನ್ನು ಕಾನೂನುಬದ್ಧ ಮಾಡಿದ್ದನ್ನೂ ವಿರೋಧಿಸಿತು. ವರ್ಷವರ್ಷ ಠರಾವು ಮಾಡಿ ಸರಕಾರಕ್ಕೆ ಒಯ್ದು ಕೊಡುವುದು ಅವರ ಪದ್ಧತಿ. ಅವರ ಗರ್ಭಪಾತದ ನಿಲುವಿನ ಜೊತೆ ನನಗೆ ಸಹಮತ ಇಲ್ಲ. ಆದರೆ ದಯಾಮರಣ ಬೇಡ ಎನ್ನುವವರು ಅಷ್ಟಕ್ಕೇ ನಿಲ್ಲದೆ, ಹಾಗಾದರೆ ನೋವಿನಲ್ಲಿರುವವರನ್ನು ಕೊನೆಯವರೆಗೆ ನೋಡಿಕೊಳ್ಳುವ ಉಪಶಾಮಕ ಆರೈಕೆ ಎಲ್ಲರಿಗೂ ಸಿಗಲಿ ಎಂದು ಕೇಳುತ್ತಾರೆ, ಅದಕ್ಕಾಗಿ ದುಡಿಯುತ್ತಾರೆ. ಆ ಮಟ್ಟಿಗೆ ಅವರ ಮಾತಿಗೆ ತೂಕ ಇದೆ.

ಇನ್ನು ಮತಾಂತರದ ಪ್ರಶ್ನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಬೇಡ. ಷಾಟಿಯೋನ್‌ನ ನಿಯಮಾವಳಿಯಲ್ಲೇ ಊಟದ ಜೊತೆ ಪಾಪನಿವೇದನೆಯ ಮಾತೂ ಇದೆ, ರೋಗಿಯ ಕಣ್ಣಿಗೆ ಬೀಳುವಂತೆ ಶಿಲುಬೆ ಇಡಬೇಕೆಂಬ ಸೂಚನೆಯೂ ಇದೆ. ಊರೆಲ್ಲ ಕೆಥೊಲಿಕರೇ ಆಗಿದ್ದ ಕಾಲದ ಮಾತು ಅದು. ಇವತ್ತಿನ ಪಟ್ಟಿಗಳಲ್ಲೂ ಧರ್ಮಕ್ಕೇ ಹೋಗುವ ದುಡ್ಡು ಇದೆ: ಸೆಮಿನರಿ, ಧರ್ಮಬೋಧನೆ, ಮಿಶನ್. ಅದನ್ನು ಮುಚ್ಚಿಟ್ಟಿಲ್ಲ, ಹೆಸರು ಹಾಕಿಯೇ ಬರೆದಿರುತ್ತಾರೆ. ಸೀಳುತುಟಿಯ ಆಪರೇಶನ್ನು, ನೆರೆ ಪರಿಹಾರ, ಸೂರು, ಇವು ಬೇರೆ ಬಾಬ್ತು, ಇಲ್ಲಿ ಯಾರ ಧರ್ಮವನ್ನೂ ಕೇಳುವುದಿಲ್ಲ. ಕ್ಯಾಫೋಡ್‌ನಂಥ ಸಂಸ್ಥೆಗಳು ಧರ್ಮ ನೋಡದೆ ನೆರವು ಕೊಡುವುದನ್ನು ನಿಯಮವಾಗಿಯೇ ಇಟ್ಟುಕೊಂಡಿವೆ. ಎರಡೂ ಬಾಬ್ತುಗಳನ್ನು ಒಂದೇ ಚೀಲಕ್ಕೆ ತುಂಬಿ ಅನುಮಾನಿಸುವುದು ಸರಿಯಲ್ಲ. ಮೊದಲನೆಯದು ಇಲ್ಲವೇ ಇಲ್ಲ ಎನ್ನುವುದೂ ಸರಿಯಲ್ಲ.

ಈ ಸಂಘಗಳ ನಿಜವಾದ ತಾಪತ್ರಯ ಬೇರೆಯೇ. ಅಮೆರಿಕ, ಕೆನಡಾ, ಇಂಗ್ಲೆಂಡ್ ಎಲ್ಲ ಕಡೆಯೂ ಸದಸ್ಯೆಯರಿಗೆ ವಯಸ್ಸಾಗುತ್ತಿದೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ವಾರದ ನಡುವಿನ ಮಧ್ಯಾಹ್ನದ ಸಭೆಗೆ ಬರಲು ಬಿಡುವೆಲ್ಲಿ? ಫೋನಿನಲ್ಲೇ ದುಡ್ಡು ಕಳಿಸುತ್ತೇವೆ ಎನ್ನುತ್ತಾರೆ. ದುಡ್ಡು ಬರುತ್ತದೆ, ಸೂಪಿನ ಪಾತ್ರೆ ಎತ್ತುವವರು ಬರುವುದಿಲ್ಲ. ಖಾಲಿಯಾದ ಕುರ್ಚಿಗಳನ್ನು ಹಲವು ಕಡೆ ಈಗ ತುಂಬುತ್ತಿರುವವರು ಫಿಲಿಪ್ಪೀನ್ಸ್, ಕೇರಳ, ಗೋವಾ, ನಮ್ಮ ಮಂಗಳೂರು ಕಡೆಯಿಂದ ಹೋದ ನರ್ಸುಗಳು, ಅವರ ತಾಯಂದಿರು.

ಹಾಗೆ ಹೋಗಿ ಸೇರಿಕೊಂಡವರ ಮನೆಯವರೇ ಇನ್ನೊಂದು ವ್ಯಾವಹಾರಿಕ ಪ್ರಶ್ನೆ ಕೇಳುತ್ತಾರೆ: ಅಲ್ಲಿನ ಸಂಘದ ದುಡ್ಡನ್ನು ನಮ್ಮೂರಿನ ವೃದ್ಧಾಶ್ರಮಕ್ಕೆ ತರಿಸಬಹುದೇ? ತರಿಸಬಹುದು, ಆದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಆ ಆಶ್ರಮದ್ದೇ ನೋಂದಣಿ ಅಥವಾ ಮುಂಚಿತ ಅನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚಕ್ಕೆ ಶೇಕಡಾ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಮೊದಲು ಶೇಕಡಾ 50ರವರೆಗೆ ಅವಕಾಶ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನೋಂದಣಿ ಇರುವ ದೊಡ್ಡ ಸಂಸ್ಥೆಯೊಂದು ಹಣ ಪಡೆದು ಅದನ್ನು ನಿಮ್ಮ ಸಣ್ಣ ಆಶ್ರಮಕ್ಕೆ ದಾಟಿಸುವ ಹಳೆಯ ದಾರಿ ಈಗ ಮುಚ್ಚಿದೆ. ಹತ್ತು ಹಾಸಿಗೆಯ ಆಶ್ರಮ ನಡೆಸುವವರು ಈ ಕಾಗದಪತ್ರಕ್ಕೆ ಒಬ್ಬ ಲೆಕ್ಕಪರಿಶೋಧಕರನ್ನು ಹಿಡಿಯಲೇಬೇಕಾಗುತ್ತದೆ. ಅವರ ಶುಲ್ಕ ಎಷ್ಟು ಎಂದು ಮೊದಲೇ ವಿಚಾರಿಸಿಕೊಳ್ಳಿ, ಬರುವ ದುಡ್ಡಿಗಿಂತ ಅದೇ ಹೆಚ್ಚಾದೀತು.